ಪದಚರ್ಚೆ: ಹಳೆಯ ಕಾರಿನ ‘ಸಿಲ್’ ಹೊಸ್ತಿಲೋ, ಅಡಿತೊಲೆಯೋ?

ಬಳಗದ ಹಿರಿಯರಿಗೂ ಮಿತ್ರರಿಗೂ ವಂದನೆಗಳು.

ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನೆಲೆಸಿರುವ ನಾನು 1972ರ ಎಂಜಿಬಿ ರೋಡ್‌ಸ್ಟರ್ ಕಾರೊಂದನ್ನು ರಜೆಯ ದಿನಗಳಲ್ಲಿ ನಾನೇ ಸರಿಪಡಿಸುತ್ತ ಬಂದಿದ್ದೇನೆ. ಓದಲೆಂದು ಇಲ್ಲಿಗೆ ಬಂದಿರುವ ನನ್ನ ಅಕ್ಕನ ಮಗ ಈಗ ಅಂಥದೇ ಒಂದು ಕಾರನ್ನು ಕೊಂಡಿದ್ದಾನೆ. ನಾನು ಮಾಡಿದ ತಪ್ಪುಗಳನ್ನು ಅವನೂ ಮಾಡದಿರಲೆಂದು ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿರುವಾಗ ‘ಸಿಲ್’ ಎಂಬ ಪದದ ಹತ್ತಿರ ಲೇಖನಿ ನಿಂತಿದೆ.

ಎಂಜಿಬಿ 1962ರಿಂದ 1980ರವರೆಗೆ ಅಬಿಂಗ್ಡನ್ನಿನ ಕಾರ್ಖಾನೆಯಲ್ಲಿ ತಯಾರಾದ ಕಾರು. ಅದಕ್ಕೂ ಹಿಂದಿನ ಎಂಜಿಎ ಮಾದರಿಗೆ ಪ್ರತ್ಯೇಕವಾದ ಚಾಸಿ ಇತ್ತು, ಬಾಡಿ ಅದರ ಮೇಲೆ ಕೂರುತ್ತಿತ್ತು. ಎಂಜಿಬಿಯಲ್ಲಿ ಹಾಗಿಲ್ಲ; ಬೆಸುಗೆಯಿಂದ ಒಂದಾಗಿಸಿದ ಬಾಡಿಯೇ ಭಾರವನ್ನೆಲ್ಲ ಹೊರುತ್ತದೆ. ಬಾಗಿಲಿನ ಅಡಿಯಲ್ಲಿ ಉದ್ದಕ್ಕೂ ಹಾಯುವ, ಹೊರತಗಡು, ಒಳತಗಡು ಮತ್ತು ಅವೆರಡರ ನಡುವಿನ ಇನ್ನೊಂದು ತಗಡು ಸೇರಿ ಪೆಟ್ಟಿಗೆಯಂತಾಗಿರುವ ಭಾಗಕ್ಕೆ ಇಲ್ಲಿಯವರು ಸಿಲ್ ಎನ್ನುತ್ತಾರೆ. ಮೇಲೆ ಗಟ್ಟಿ ಛಾವಣಿಯಿಲ್ಲದ ರೋಡ್‌ಸ್ಟರ್‌ನಲ್ಲಿ ಕಾರಿನ ಮುಂಭಾಗವನ್ನೂ ಹಿಂಭಾಗವನ್ನೂ ಬಾಗದಂತೆ ಹಿಡಿದಿಡುವ ಹೊಣೆ ಬಹುಮಟ್ಟಿಗೆ ಈ ಪೆಟ್ಟಿಗೆಯದೇ.

ಸಿಲ್ ಎಂದೊಡನೆ ನಾನು ಮನಸ್ಸಿನಲ್ಲಿ ‘ಹೊಸ್ತಿಲು’ ಎಂದುಕೊಂಡೆ. ಹೊಸ್ತಿಲೆಂದರೆ ದಾಟುವ ಜಾಗ, ಹಾಳಾಗಿದ್ದರೆ ಕಿತ್ತು ಹೊಸದನ್ನು ಕೂರಿಸಿದರಾಯಿತು ಎಂದು ಬಗೆದೆ. ಕಾರನ್ನು ಮುಂದೆ ಎರಡು, ಹಿಂದೆ ಎರಡು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಬಾಗಿಲುಗಳನ್ನು ಬಿಚ್ಚಿಟ್ಟು, ಎರಡೂ ಬದಿಯ ಸಿಲ್‌ಗಳನ್ನು ಒಂದೇ ದಿನ ಕತ್ತರಿಸಿ ತೆಗೆದೆ. ಸಂಜೆ ಬಾಗಿಲನ್ನು ಮತ್ತೆ ಜೋಡಿಸಿ ನೋಡಿದಾಗ, ಮೊದಲು ಬೆರಳಿನ ಉಗುರು ಸಲೀಸಾಗಿ ತೂರುತ್ತಿದ್ದ ಹಿಂದಿನ ಸಂದು ಮೇಲ್ತುದಿಯಲ್ಲಿ ಪೂರ್ತಿ ಮುಚ್ಚಿಹೋಗಿ, ಬಾಗಿಲಿನ ಅಂಚು ಹಿಂದಿನ ರೆಕ್ಕೆಯ, ಎಂದರೆ ಹಿಂಚಕ್ರವನ್ನು ಮುಚ್ಚುವ ಹೊರತಗಡಿನ, ಬಣ್ಣವನ್ನು ಕೆರೆಯುತ್ತಿತ್ತು. ಕಾರಿನ ನಡು ಕುಸಿದಿತ್ತು. ಬಾಗಿಲಿನ ಹಿಂದೆ ಮುಂದೆ ಇರುವ ಎರಡು ಕಂಬಗಳಿಗೆ ಅಡ್ಡವಾಗಿ ಕಬ್ಬಿಣದ ಪಟ್ಟಿಯನ್ನು ಮೊದಲೇ ಬಿಗಿದು, ಬಾಗಿಲನ್ನು ಅದರ ಜಾಗದಲ್ಲಿಟ್ಟು ಸಂದನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತ, ಒಂದು ಬದಿಯನ್ನು ಮುಗಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಬೇಕಿತ್ತು. ಆ ತಪ್ಪನ್ನು ಸರಿಪಡಿಸಲು ನನಗೆ ಒಂದು ಇಡೀ ಚಳಿಗಾಲ ಹಿಡಿಯಿತು.

ಆಮೇಲೆ ಹೊಸ್ತಿಲು ಎಂಬ ಪದವನ್ನೇ ಬಿಟ್ಟು ‘ಅಡಿತೊಲೆ’ ಎಂದು ಬರೆಯತೊಡಗಿದೆ. ತೊಲೆಯೆಂದರೆ ಭಾರ ಹೊರುವುದು, ಯಾರೂ ಅದನ್ನು ಯೋಚಿಸದೆ ಕಡಿಯುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಬೆಂಗಳೂರಿನಲ್ಲಿ ನನಗೆ ಪರಿಚಯವಿರುವ ಟಿಂಕರಿಂಗ್ ಮೇಸ್ತ್ರಿಯೊಬ್ಬರು ಈ ಭಾಗಕ್ಕೆ ‘ರನ್ನಿಂಗ್ ಬೋರ್ಡ್’ ಎನ್ನುತ್ತಾರೆ. ಆದರೆ ಅದು ಹಳೆಯ ಕಾರುಗಳಲ್ಲಿ ಕಾಲಿಟ್ಟು ಹತ್ತುತ್ತಿದ್ದ ಹಲಗೆಯ ಹೆಸರಾದ್ದರಿಂದ, ಹೊಸಬನನ್ನು ಹೊಸ್ತಿಲಿಗಿಂತಲೂ ಹೆಚ್ಚು ದಾರಿ ತಪ್ಪಿಸುತ್ತದೆ ಎಂದು ನನಗನ್ನಿಸುತ್ತದೆ.

ಇಷ್ಟಕ್ಕೇ ನಿಲ್ಲಬಹುದಿತ್ತು; ಆದರೆ ತೀರ್ಥಹಳ್ಳಿಯ ಕಡೆಯ ನಮ್ಮ ಹಳೆಯ ಮನೆಯ ನೆನಪೊಂದು ನನ್ನ ತೀರ್ಮಾನವನ್ನು ಅಲುಗಾಡಿಸಿದೆ. ನಡುಮನೆಯ ಬಾಗಿಲಿನ ಹೊಸ್ತಿಲಿಗೆ ಗೆದ್ದಲು ಹಿಡಿದಾಗ ಅದನ್ನು ಬದಲಿಸಲು ಬಂದ ಆಚಾರಿಗಳು, ಉಳಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲು, ಬಾಗಿಲುವಾಡದ ಎರಡು ನಿಲುವುಗಳಿಗೂ ಮೊಣಕಾಲೆತ್ತರದಲ್ಲಿ ಅಡ್ಡಲಾಗಿ ಒಂದು ರೀಪನ್ನು ಮೊಳೆ ಹೊಡೆದು ಕೂರಿಸಿದರು. ಹುಡುಗನಾಗಿದ್ದ ನಾನು ಏಕೆಂದು ಕೇಳಿದ್ದಕ್ಕೆ, ಹೊಸ್ತಿಲು ತೆಗೆದರೆ ವಾಡ ಸೊಟ್ಟಗಾಗುತ್ತದೆ, ಆಮೇಲೆ ಕದ ಕೂರುವುದಿಲ್ಲ ಎಂದು ಹೇಳಿದ್ದರು. ಎಂಜಿಬಿಯ ಸಿಲ್ ಮಾಡುವ ಕೆಲಸವೂ, ಅದನ್ನು ತೆಗೆಯುವಾಗ ವಹಿಸಬೇಕಾದ ಎಚ್ಚರವೂ ಇದೇ ಅಲ್ಲವೆ? ಹೊಸ್ತಿಲು ಎಂಬ ಪದದಲ್ಲಿ ಕೊರತೆಯಿರಲಿಲ್ಲ. ರಂಗೋಲಿಯಿಡುವವರ ಹೊಸ್ತಿಲನ್ನು ನೆನೆದ ನಾನು ಬಡಗಿಯ ಹೊಸ್ತಿಲನ್ನು ಮರೆತಿದ್ದೆ. ಆದ್ದರಿಂದ ಈಗ ನನ್ನ ಒಲವು ಮತ್ತೆ ‘ಹೊಸ್ತಿಲು’ ಪದದ ಕಡೆಗೇ ಇದೆ.

ಇದೇ ಟಿಪ್ಪಣಿಯಲ್ಲಿ ಇನ್ನೆರಡು ಪದಗಳನ್ನು ಬಳಸಿದ್ದೇನೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು ಎಂಬ ನಮ್ಮ ಭೇದ ಇಲ್ಲಿ ಬಹಳ ಉಪಯುಕ್ತವಾಗಿದೆ. ದೀಪ ಮಂಕಾಗಿ ಉರಿದಾಗ ನಾನು ಬಲ್ಬನ್ನೂ ತಂತಿಯನ್ನೂ ಬದಲಿಸಿದ್ದೆ. ತಂತಿಗಳನ್ನು ಕೂಡಿಸುವ ಹಿತ್ತಾಳೆಯ ತುದಿಗಳ ಕಿಲುಬನ್ನು ಉಜ್ಜಿ ತೆಗೆದಿದ್ದರೆ ಸಾಕಾಗಿತ್ತು. ಒಟ್ಟು ಕೆಲಸಕ್ಕೆ ‘ರಿಪೇರಿ’ ಎನ್ನದೆ ‘ಜೀರ್ಣೋದ್ಧಾರ’ ಎಂದಿದ್ದೇನೆ. ನಮ್ಮ ಶಾಸನಗಳ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತಿನಲ್ಲಿ ಮುರಿದದ್ದು, ಒಡೆದದ್ದು, ಸವೆದದ್ದು ಎಲ್ಲವೂ ಸೇರುತ್ತವೆ. ಗುಡಿ ಬಸದಿಗಳಿಗೆ ಸಂದ ಪದವನ್ನು ಕಾರಿಗೆ ಬಳಸುವುದು ಅತಿಯಾಯಿತೆಂದು ಕೆಲವರಿಗೆ ತೋರಬಹುದು, ಆದರೆ ಹಳೆಯದನ್ನು ಹಳೆಯ ರೂಪದಲ್ಲಿಯೇ ಎತ್ತಿ ನಿಲ್ಲಿಸುವ ಅರ್ಥ ನವೀಕರಣ ಎಂಬ ಪದದಲ್ಲಿ ಬರುವುದಿಲ್ಲ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಇಷ್ಟು. ಕಾರಿನ ಈ ಭಾಗಕ್ಕೆ ಹೊಸ್ತಿಲು ಎನ್ನುವುದು ಓದುಗರಿಗೆ ಸಹಜವಾಗಿ ಕೇಳುತ್ತದೆಯೇ? ನಿಮ್ಮ ಊರುಗಳ ಗ್ಯಾರೇಜುಗಳಲ್ಲಿ ಬೇರೆ ಹೆಸರೇನಾದರೂ ರೂಢಿಯಲ್ಲಿದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ವಾಡ ಸೊಟ್ಟಗಾಗದಂತೆ ತಾತ್ಕಾಲಿಕವಾಗಿ ಹೊಡೆಯುವ ಆ ಅಡ್ಡಪಟ್ಟಿಗೆ ಬಡಗಿಗಳ ಮಾತಿನಲ್ಲಿ ಪ್ರತ್ಯೇಕ ಹೆಸರಿದೆಯೇ? ಆಚಾರಿಗಳು ಅಂದು ಅದನ್ನು ಬರಿಯ ರೀಪು ಎಂದೇ ಕರೆದಂತೆ ನೆನಪು. ಬೇರೆ ಹೆಸರಿದ್ದರೆ ದಯವಿಟ್ಟು ಜಿಲ್ಲೆಯ ಹೆಸರಿನೊಂದಿಗೆ ತಿಳಿಸಿರಿ. ಹುಡುಗ ಮುಂದಿನ ತಿಂಗಳು ತನ್ನ ಕಾರಿನ ಎಡಬದಿಯನ್ನು ಕತ್ತರಿಸಲಿದ್ದಾನೆ, ಅಷ್ಟರೊಳಗೆ ಆ ಪದವನ್ನು ಟಿಪ್ಪಣಿಯ ಮೊದಲ ಸಾಲಿನಲ್ಲಿ ಸೇರಿಸಬೇಕೆಂದಿದ್ದೇನೆ.