ಇಇಇ ಪಿಎಚ್‌ಡಿ: ಕನ್ವರ್ಟರ್ ಹಾರ್ಡ್‌ವೇರೋ, ವಿತರಣಾ ಜಾಲವೋ?

ಪ್ರಶ್ನೆ, ಕಲಬುರಗಿ: ಇಇಇ (ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್) ಸಹಾಯಕ ಪ್ರಾಧ್ಯಾಪಕಿ, ಐದು ವರ್ಷ ಸರ್ವಿಸ್. ಕೆಲಸ ಬಿಡದೆ ಪಿಎಚ್‌ಡಿ ಮಾಡಬೇಕು. ಪ್ರೊಫೆಸರ್ ಆಗೋತನಕ ಯಾವ ವಿಷಯ ಕೈ ಹಿಡೀತದ?

ಉತ್ತರ, ಬೀದರ್: ಕನ್ವರ್ಟರ್ (ವಿದ್ಯುತ್ತಿನ ರೂಪ ಬದಲಿಸೋ ಸರ್ಕ್ಯೂಟ್) ಹಾರ್ಡ್‌ವೇರ್ ತಗೋರಿ ಮೇಡಂ. ಸುಡೋದು ಎಲ್ಲಿ ಅಂತ ಮೊದಲೇ ತಿಳಕೋರಿ. ಐಆರ್‌ಎಫ್‌ಪಿ460 ಅನ್ನೋ ಹಳೇ ಸಿಲಿಕಾನ್ ಮಾಸ್ಫೆಟ್ಟಿಗೆ (ಪವರ್ ಸ್ವಿಚ್) ಟಿಎಲ್‌ಪಿ250 ಡ್ರೈವರ್ (ಅದರ ಗೇಟಿಗೆ ಪಲ್ಸ್ ಕೊಡೋ ಚಿಪ್) ಹಾಕಿದ ಬೋರ್ಡಿಗೇ 1200 ವೋಲ್ಟಿನ ಸಿಲಿಕಾನ್ ಕಾರ್ಬೈಡ್ ಮಾಸ್ಫೆಟ್ ಕೂಡಿಸ್ತಾರ. ಟಿಎಲ್‌ಪಿ250 ತಡಕೊಳ್ಳೋ ವೋಲ್ಟೇಜ್ ಏರಿಕೆಯ ಖಾತ್ರಿ ಮೈಕ್ರೊಸೆಕೆಂಡಿಗೆ 5 ಕಿಲೊವೋಲ್ಟ್ ಅಷ್ಟೇ. ಕಾರ್ಬೈಡಿನಾಗ ವೋಲ್ಟೇಜ್ ಅದರ ಎಷ್ಟೋ ಪಟ್ಟು ವೇಗವಾಗಿ ಏರ್ತದ. ಆಫ್ ಇರಬೇಕಾದ ಸ್ವಿಚ್ಚಿಗೆ ತಪ್ಪು ಪಲ್ಸ್ ಹೋಗಿ ಲೆಗ್ (ಮ್ಯಾಲಿಂದು-ಕೆಳಗಿಂದು ಎರಡು ಸ್ವಿಚ್ಚಿನ ಜೋಡಿ) ಶಾರ್ಟ್, ಎರಡೂ ಮಾಸ್ಫೆಟ್ ಹೋದವು. ಮೈಕ್ರೊಸೆಕೆಂಡಿಗೆ 100 ಕಿಲೊವೋಲ್ಟ್ ಏರಿಕೆ ತಡಕೊಳ್ಳೋ ಐಸೊಲೇಟೆಡ್ ಡ್ರೈವರ್ ಬೇಕು. ಟಿಎಲ್‌ಪಿ250 ಬಳಸೋ ಕಡೆ 8, 5ನೇ ಪಿನ್ನಿನ ನಡುವ 0.1 ಮೈಕ್ರೊಫ್ಯಾರಡ್ ಸಿರಾಮಿಕ್ ಕೆಪ್ಯಾಸಿಟರ್, ತಂತಿ 1 ಸೆಂ.ಮೀ. ದಾಟಬಾರದು. ಮ್ಯಾಲಿನ ಸ್ವಿಚ್ಚಿನ ಗೇಟ್ ನೋಡಾಕ ಡಿಫರೆನ್ಷಿಯಲ್ ಪ್ರೋಬ್ ಇಲ್ದಿದ್ರ ಸ್ಕೋಪ್ ಹಚ್ಚಲೇ ಬ್ಯಾಡ್ರಿ. ಸ್ಕೋಪಿನ ಗ್ರೌಂಡ್ ಕ್ಲಿಪ್ ಅರ್ಥಿಂಗಿಗೆ ಕೂಡಿರ್ತದ, ಅಲ್ಲಿ ಹಚ್ಚಿದ್ರ ಶಾರ್ಟ್ ಆಗ್ತದ.

ಶಹಾಪುರ: ಇಷ್ಟೆಲ್ಲ ಸುಟ್ಟ ಮ್ಯಾಲೂ 200 ವ್ಯಾಟಿನ ಮಾದರಿನೇ ಬರೋದು. ವಿತರಣಾ ಜಾಲ ತಗೋರಿ. ಎಲ್ಲರೂ ಬಳಸೋ ಪರೀಕ್ಷಾ ಜಾಲ ಅದ: 33 ಬಸ್ (ಲೈನ್ ಕೂಡೋ ಜಾಗ), 12.66 ಕಿಲೊವೋಲ್ಟ್, ಮೂಲ ನಷ್ಟ 202.7 ಕಿಲೊವ್ಯಾಟ್. 7, 9, 14, 32, 37ನೇ ಸ್ವಿಚ್ ತೆಗೆದ್ರ 139.5. ಬರೇ ಸ್ವಿಚ್ ಬದಲಿಸಿ ಅದಕ್ಕಿಂತ ಕಡಿಮೆ ಬಂತಂದ್ರ ಖುಷಿ ಪಡಬ್ಯಾಡ್ರಿ, ಎಲ್ಲೋ ತಪ್ಪದ; ಲೂಪ್ ಉಳಿದಿರಬಹುದು. ಫಾಸ್ಟ್ ಡಿಕಪಲ್ಡ್ ಅನ್ನೋ ಲೋಡ್ ಫ್ಲೋ ಲೆಕ್ಕ ಇಲ್ಲಿ ನಂಬಬ್ಯಾಡ್ರಿ, ಆರ್/ಎಕ್ಸ್ (ಲೈನಿನ ರೆಸಿಸ್ಟನ್ಸ್-ರಿಯಾಕ್ಟನ್ಸ್ ಅನುಪಾತ) ಜಾಸ್ತಿ ಇರ್ತದ. ಬ್ಯಾಕ್‌ವರ್ಡ್-ಫಾರ್ವರ್ಡ್ ಸ್ವೀಪ್ (ತುದಿಯಿಂದ ಕರೆಂಟ್, ಮೂಲದಿಂದ ವೋಲ್ಟೇಜ್ ಲೆಕ್ಕ ಹಾಕೋ ವಿಧಾನ) ಕೋಡ್ ಬರೀರಿ.

ಬೀದರ್: ತೋಳ, ತಿಮಿಂಗಿಲ ಅಂತ ಹೆಸರಿಟ್ಟ ಆಲ್ಗರಿದಮ್ ಹಾಕಿ ಅದೇ 139.5 ತಂದ್ರ ಸಂಶೋಧನೆ ಆಗೂದಿಲ್ಲ ಸರ್.

ಶಹಾಪುರ: 33 ಬಸ್ ಕೋಡ್ ಪರೀಕ್ಷೆಗಷ್ಟೇ. ನಮ್ಮ ಕಡೆ ಪಂಪ್‌ಸೆಟ್ ಫೀಡರಿಗೆ ತ್ರೀ ಫೇಸ್ ಬಂದ ಕೂಡಲೇ ಎಲ್ಲ ಮೋಟರ್ ಒಮ್ಮೆಲೆ ಎಳೀತಾವ, ತುದಿ ಟ್ರಾನ್ಸ್‌ಫಾರ್ಮರಿನಾಗ ವೋಲ್ಟೇಜ್ ಕುಸೀತದ. ಆ 11 ಕೆವಿ ಫೀಡರಿನ ಲೋಡ್ ಮಾದರಿ ಮಾಡ್ರಿ. ಅದು ಕೆಲಸಕ್ಕ ಬರೋ ಸಂಶೋಧನೆ.

ಸೇಡಂ: ಜಗಳ ಬಿಡ್ರಿ, ವರ್ಷದ ಲೆಕ್ಕ ಹೇಳ್ರಿ. ಎಐಸಿಟಿಇ (ತಾಂತ್ರಿಕ ಶಿಕ್ಷಣ ಮಂಡಳಿ) 2019ರ ನಿಯಮದಾಗ ಅಸೋಸಿಯೇಟ್ ಪ್ರೊಫೆಸರಿಗೆ 8 ವರ್ಷ ಅನುಭವ, ಅದರಾಗ 2 ವರ್ಷ ಪಿಎಚ್‌ಡಿ ನಂತರದ್ದು, ಜೊತಿಗೆ 6 ಪೇಪರ್. ಡಿಗ್ರಿ ತಡ ಆದಷ್ಟೂ 57,700ರಿಂದ ಶುರುವಾಗೋ ಸಹಾಯಕ ಹುದ್ದೆಯಿಂದ 1,31,400ರ ಮೂಲ ವೇತನದಿಂದ ಶುರುವಾಗೋ ಅಸೋಸಿಯೇಟ್ ಹುದ್ದೆಗೆ ದಾಟೋದೂ ತಡ. ಪ್ರೊಫೆಸರಿಗೆ 10 ವರ್ಷ, ಅದರಾಗ 3 ಅಸೋಸಿಯೇಟ್ ಆಗಿ. ಆ ಹುದ್ದೆಯಾಗ 6 ಪೇಪರ್ ಜೊತಿ ಇಬ್ಬರಿಗೆ ಪಿಎಚ್‌ಡಿ ಮಾರ್ಗದರ್ಶನ, ಇಲ್ಲಾ 10 ಪೇಪರ್. ಮೊದಲ ಎರಡು ಪೇಪರ್ ಸಿಮ್ಯುಲೇಶನ್‌ದಾಗ ಮುಗಿಸಿ, ಆಮ್ಯಾಲ ಬೋರ್ಡಿಗೆ ಕೈ ಹಾಕ್ರಿ.

ಬೀದರ್: ಸೋಲಾರ್ ಕನ್ವರ್ಟರ್ ಮಾಡಿದ್ರ 25 ಡಿಗ್ರಿ ಡಾಟಾ ನಂಬಿ ಡಿಸೈನ್ ಮಾಡಬ್ಯಾಡ್ರಿ. ಕಲಬುರಗಿ ಮೇ ಬಿಸಿಲಿಗೆ ಸೆಲ್ 65 ದಾಟ್ತದ. ಏರಿದ ಪ್ರತಿ ಡಿಗ್ರಿಗೆ ಶೇ 0.4 ಹಿಡಿದ್ರ ಶೇ 16 ಹೋತು. ಡ್ಯೂಟಿ (ಸ್ವಿಚ್ ಆನ್ ಇರೋ ಸಮಯದ ಪಾಲು) ಅದಕ್ಕ ತಕ್ಕಂಗ ಇಡ್ರಿ.

ಶಹಾಪುರ: 0.4 ಪವರಿಂದು ಸರ್! ಲೋಡ್ ಇಲ್ಲದಾಗಿನ ವೋಲ್ಟೇಜ್ ಸುಮಾರು 0.3ರಂಗ ಇಳೀತದ. ಡ್ಯೂಟಿ ತೆಗೆಯೋಕ ಮ್ಯಾಕ್ಸಿಮಮ್ ಪವರ್ ಪಾಯಿಂಟಿನ ವೋಲ್ಟೇಜ್ ಎಷ್ಟು ಇಳೀತದ ಅಂತ ನೋಡ್ರಿ.