ಲ್ಯಾಪ್‌ಟಾಪಿನಲ್ಲಿ ಹೊಸ ದರ, ಸರ್ವರ್‌ನಲ್ಲಿ ಹಳೆಯ ದರ: ನೆಕ್ಸ್ಟ್.ಜೆಎಸ್ 15ಕ್ಕೆ ಬದಲಾಗುವಾಗ

ಪ್ರಶ್ನೆ (ಶಿಡ್ಲಘಟ್ಟದಿಂದ): ನಮಸ್ಕಾರ ಮೇಡಂ. ನಮ್ಮೂರಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ದಿನವೂ ನಡೆಯುವ ಹರಾಜಿನ ದರಗಳನ್ನು ಪರಿಚಯದ ಕೆಲವು ರೀಲರ್‌ಗಳಿಗೂ ಬೆಳೆಗಾರರಿಗೂ ತೋರಿಸುವ ಸಣ್ಣ ವೆಬ್‌ಸೈಟ್ ಒಂದನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ವೆಬ್‌ಸೈಟ್ ಕಟ್ಟುವ ಸಾಧನವಾದ ನೆಕ್ಸ್ಟ್.ಜೆಎಸ್‌ನ 12ನೇ ಆವೃತ್ತಿಯಲ್ಲಿದ್ದ ಅದನ್ನು ಈಗ 15ಕ್ಕೆ ತರುತ್ತಿದ್ದೇನೆ. ಪುಟಗಳು ಮೂವತ್ತಕ್ಕೂ ಹೆಚ್ಚಿರುವುದರಿಂದ, ಹಳೆಯ ಪೇಜಸ್ ರೌಟರ್ ಪದ್ಧತಿಯಲ್ಲಿ ಡೇಟಾ ತರುವ ‘ಗೆಟ್‌ಸರ್ವರ್‌ಸೈಡ್‌ಪ್ರಾಪ್ಸ್’ ಫಂಕ್ಷನ್ ಇದ್ದ ಕಡೆಯಲ್ಲೆಲ್ಲ ಆ ಕೋಡನ್ನು ಆಪ್ ರೌಟರ್ ಎಂಬ ಹೊಸ ಪದ್ಧತಿಗೆ ಹೊಂದುವಂತೆ ಒಂದು ಎಐ ಸಾಧನದಿಂದ ಬರೆಸಿದೆ. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಾಗಿತ್ತು. ಸರ್ವರ್‌ಗೆ ಹಾಕಿದ ಮೇಲೆ ಮಾತ್ರ, ಬೆಳಗ್ಗೆ ಬಿಲ್ಡ್ ಮಾಡಿದಾಗ (ಸರ್ವರ್‌ಗೆ ಹಾಕಲು ಕೋಡನ್ನು ಸಿದ್ಧಪಡಿಸಿದಾಗ) ಮಿಶ್ರತಳಿ ಗೂಡಿಗೆ ಎಷ್ಟು ದರವಿತ್ತೋ ಸಂಜೆಯವರೆಗೂ ಅದೇ ಕಾಣುತ್ತಿದೆ. 15ರಲ್ಲಿ ಫೆಚ್ (ಡೇಟಾ ತರಿಸುವ ಕರೆ) ತಾನಾಗಿಯೇ ಕ್ಯಾಶ್ ಆಗುವುದಿಲ್ಲ, ಅಂದರೆ ಅದರ ಉತ್ತರವನ್ನು ಮತ್ತೆ ಬಳಸಲು ಎತ್ತಿಡುವುದಿಲ್ಲವೆಂದು ಓದಿದ್ದೇನೆ. ಹಾಗಿದ್ದರೆ ಹಳೆಯ ದರ ಎಲ್ಲಿಂದ ಬರುತ್ತಿದೆ?

ಉತ್ತರ: ನೀವು ಓದಿದ್ದು ತಪ್ಪಲ್ಲ, ಆದರೆ ಅದು ಅರ್ಧ ವಿಷಯ. 13 ಮತ್ತು 14ನೇ ಆವೃತ್ತಿಗಳ ಆಪ್ ರೌಟರ್‌ನಲ್ಲಿ ಫೆಚ್ ತಂದ ಉತ್ತರವನ್ನು ಬೇಡವೆಂದು ಹೇಳದಿದ್ದರೆ ಕ್ಯಾಶ್‌ನಲ್ಲಿ ಇಟ್ಟುಕೊಳ್ಳಲಾಗುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಬಂದ 15 ಈ ನಿಯಮವನ್ನು ತಿರುಗಿಸಿತು. ಆದರೆ ಫೆಚ್‌ನ ಕ್ಯಾಶ್ ಬೇರೆ, ಪುಟವನ್ನೇ ಮೊದಲೇ ಸಿದ್ಧಪಡಿಸಿಡುವುದು ಬೇರೆ. ಪುಟದಲ್ಲಿ ಕುಕಿ, ಹೆಡರ್ ಅಥವಾ ಸರ್ಚ್‌ಪ್ಯಾರಮ್ಸ್‌ನಂತಹ (ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಮಾಹಿತಿ), ಬಂದ ಕೋರಿಕೆಯನ್ನು ನೋಡಿಯೇ ತಿಳಿಯಬೇಕಾದ ಸಂಗತಿ ಯಾವುದೂ ಇಲ್ಲದಿದ್ದರೆ, 15ರಲ್ಲಿಯೂ ನೆಕ್ಸ್ಟ್ ಆ ಪುಟವನ್ನು ಬಿಲ್ಡ್ ಸಮಯದಲ್ಲಿ ಒಮ್ಮೆ ತಯಾರಿಸಿ ಅದನ್ನೇ ಎಲ್ಲರಿಗೂ ಕೊಡುತ್ತದೆ; ಫೆಚ್ ಕೂಡ ಆಗ ಒಮ್ಮೆ ನಡೆದು ಮುಗಿದಿರುತ್ತದೆ. ಕೋಡ್ ಬರೆಯುವಾಗ ಓಡಿಸಿ ನೋಡುವ ಡೆವ್ ಮೋಡ್‌ನಲ್ಲಿ ಪ್ರತಿ ಸಲವೂ ಹೊಸದಾಗಿ ತರುವುದರಿಂದ ಲ್ಯಾಪ್‌ಟಾಪಿನಲ್ಲಿ ಈ ದೋಷ ನಿಮಗೆ ಕಾಣಲಿಲ್ಲ.

ಹಳೆಯ ಗೆಟ್‌ಸರ್ವರ್‌ಸೈಡ್‌ಪ್ರಾಪ್ಸ್ ಎಂಬ ಹೆಸರೇ ‘ಪ್ರತಿ ಕೋರಿಕೆಗೂ ಓಡು’ ಎಂಬ ಆಜ್ಞೆಯಾಗಿತ್ತು. ಎಐ ಆ ಫಂಕ್ಷನ್‌ನ ಒಳಗಿದ್ದ ಸಾಲುಗಳನ್ನು ಸರಿಯಾಗಿ ಸಾಗಿಸಿತು, ಹೆಸರಿನಲ್ಲಿದ್ದ ಆಜ್ಞೆಯನ್ನು ಕೈಬಿಟ್ಟಿತು. ಗೂಡನ್ನು ಮಾರುಕಟ್ಟೆಗೆ ತಂದು ಲಾಟಿನ ಚೀಟಿಯನ್ನು ಮನೆಯಲ್ಲೇ ಮರೆತಂತೆ. ದರದ ಪುಟದ ಫೆಚ್‌ಗೆ ಕ್ಯಾಶ್ ಆಯ್ಕೆಯನ್ನು ‘ನೋ-ಸ್ಟೋರ್’ (ಎತ್ತಿಡಬೇಡ) ಎಂದು ಕೊಡಿ. ಡೇಟಾ ಫೆಚ್ ಮೂಲಕ ಬರದೆ ನೇರವಾಗಿ ಡೇಟಾಬೇಸ್‌ನಿಂದ ಬರುತ್ತಿದ್ದರೆ, ಪುಟದ ಕಡತದಲ್ಲಿ ‘ಡೈನಮಿಕ್’ ಎಂಬುದನ್ನು ‘ಫೋರ್ಸ್-ಡೈನಮಿಕ್’ ಎಂದು ಎಕ್ಸ್‌ಪೋರ್ಟ್ ಮಾಡಿ. ಮೊದಲು ಗೆಟ್‌ಸ್ಟ್ಯಾಟಿಕ್‌ಪ್ರಾಪ್ಸ್‌ನಲ್ಲಿ (ಬಿಲ್ಡ್ ಸಮಯದಲ್ಲಿ ಡೇಟಾ ತರುವ ಹಳೆಯ ಫಂಕ್ಷನ್) ರೀವ್ಯಾಲಿಡೇಟ್ 600, ಅಂದರೆ 600 ಸೆಕೆಂಡಿನ ಮೇಲೆ ಹೊಸದಾಗಿಸು ಎಂದಿದ್ದ ಪುಟಗಳಿಗೆ ಅದೇ 600 ಸೆಕೆಂಡನ್ನು ಫೆಚ್‌ನ ‘ನೆಕ್ಸ್ಟ್’ ಆಯ್ಕೆಯೊಳಗೆ ಕೊಟ್ಟರೆ ಸಾಕು. ಬಿಲ್ಡ್ ಮುಗಿದಾಗ ಟರ್ಮಿನಲ್‌ನಲ್ಲಿ ಬರುವ ಪಟ್ಟಿಯನ್ನು ಒಮ್ಮೆ ಓದಿರಿ. ದರದ ಪುಟದ ಮುಂದೆ ಖಾಲಿ ವೃತ್ತವಿದ್ದರೆ ಅದು ಸ್ಟ್ಯಾಟಿಕ್ (ಮೊದಲೇ ತಯಾರಾದದ್ದು), ಎಫ್ ಅಕ್ಷರದಂತಹ ಗುರುತಿದ್ದರೆ ಡೈನಮಿಕ್ (ಪ್ರತಿ ಕೋರಿಕೆಗೂ ತಯಾರಾಗುವುದು).

ಮರುಪ್ರಶ್ನೆ (ಶಿಡ್ಲಘಟ್ಟದಿಂದ): ಪಟ್ಟಿಯಲ್ಲಿ ಖಾಲಿ ವೃತ್ತವೇ ಇತ್ತು ಮೇಡಂ, ಈಗ ಸರಿಹೋಯಿತು. ಹಾಗಾದರೆ ಇಂತಹ ಕೋಡನ್ನು ಯಂತ್ರದಿಂದ ಬರೆಸುವುದೇ ಬೇಡವೇ?

ಉತ್ತರ: ಬರೆಸಿ, ಆದರೆ ಎರಡು ಕೆಲಸಗಳನ್ನು ಒಂದೇ ಸಲಕ್ಕೆ ಮಾಡಿಸಬೇಡಿ. ಆವೃತ್ತಿ ಏರಿಸುವುದು ಒಂದು, ಪೇಜಸ್‌ನಿಂದ ಆಪ್ ರೌಟರ್‌ಗೆ ಹೋಗುವುದು ಇನ್ನೊಂದು. 15ರಲ್ಲಿಯೂ ಪೇಜಸ್ ರೌಟರ್ ನಡೆಯುತ್ತದೆ. ಎರಡೂ ಫೋಲ್ಡರ್‌ಗಳು ಒಂದೇ ಪ್ರಾಜೆಕ್ಟಿನಲ್ಲಿ ಇರಬಹುದು, ಒಂದೇ ವಿಳಾಸ ಎರಡರಲ್ಲೂ ಇರಬಾರದು ಅಷ್ಟೇ. ಮೊದಲು ಎಲ್ಲವನ್ನೂ ಇದ್ದಂತೆಯೇ 15ಕ್ಕೆ ಏರಿಸಿ, ಒಂದು ವಾರ ಓಡಿಸಿ ನೋಡಿ, ಆಮೇಲೆ ಪುಟಗಳನ್ನು ಒಂದೊಂದಾಗಿ ಸ್ಥಳಾಂತರಿಸಿ. ಯಂತ್ರಕ್ಕೆ ಕೊಡುವ ಮುನ್ನ ಪ್ರತಿ ಪುಟದ ಮೇಲ್ಗಡೆ ‘ಪ್ರತಿ ಕೋರಿಕೆಗೂ ಹೊಸದು’, ‘ಹತ್ತು ನಿಮಿಷ ಹಳೆಯದಾದರೂ ಸರಿ’, ‘ಬಿಲ್ಡ್ ಸಮಯದ್ದೇ ಸಾಕು’ ಎಂದು ನೀವೇ ಒಂದು ಸಾಲು ಬರೆದಿಡಿ. ಈ ತೀರ್ಮಾನ ಮಾರುಕಟ್ಟೆ ಬಲ್ಲ ನಿಮಗೆ ಗೊತ್ತು, ಎಐಗೆ ಗೊತ್ತಾಗುವ ದಾರಿಯಿಲ್ಲ. ಅದಲ್ಲದೆ ಅದು ಕಲಿತ ಮಾದರಿಗಳಲ್ಲಿ 13, 14, 15ರ ಕೋಡ್ ಬೆರೆತಿರುವುದರಿಂದ, ಯಾವ ಆವೃತ್ತಿಯ ನಿಯಮವನ್ನು ಹಿಡಿದು ಬರೆಯುತ್ತದೆ ಎಂದು ಹೇಳಲಾಗದು.

ಪ್ಯಾರಮ್ಸ್, ಕುಕೀಸ್ ಮುಂತಾದವು 15ರಲ್ಲಿ ಅಸಿಂಕ್ (ಕಾದು ಪಡೆಯಬೇಕಾದವು) ಆಗಿರುವುದರಿಂದ ‘ಅವೈಟ್’ ಸೇರಿಸಬೇಕಾದ ಕೆಲಸಕ್ಕೆ ಎಐ ಬೇಡ. ಕೋಡನ್ನು ತಾನೇ ತಿದ್ದಿಕೊಡುವ, ನೆಕ್ಸ್ಟ್ ತಂಡದ್ದೇ ಕೋಡ್‌ಮಾಡ್ ಇದೆ. ತನ್ನಿಂದಾಗದ ಕಡೆ ಅದು ಟಿಪ್ಪಣಿ ಬಿಟ್ಟುಹೋಗುತ್ತದೆ, ಆ ಟಿಪ್ಪಣಿಯನ್ನು ನೀವು ನೋಡಿ ತೆಗೆಯುವವರೆಗೆ ಬಿಲ್ಡ್ ಆಗುವುದಿಲ್ಲ. ಊಹಿಸುವುದಕ್ಕಿಂತ ಹೀಗೆ ನಿಂತು ಕೇಳುವ ಸಾಧನವೇ ನನಗೆ ಇಷ್ಟ.

ಇನ್ನೊಬ್ಬ ಸದಸ್ಯರು (ಕೋಲಾರದಿಂದ): ನನ್ನದೂ ಇದೇ ಬಗೆಯ ತೊಂದರೆ. ಟೊಮೆಟೊ ಲಾಟುಗಳ ವಿವರ ತೋರಿಸುವ ಪುಟಕ್ಕೆ ಎಐನಿಂದ ಬರೆಸಿದ ಕೋಡಿನಲ್ಲಿ, ಇಲ್ಲದ ಲಾಟಿನ ಸಂಖ್ಯೆ ಕೊಟ್ಟರೆ 404 (‘ಸಿಗಲಿಲ್ಲ’ ಎನ್ನುವ) ಪುಟದ ಬದಲು ‘ಸರ್ವರ್ ದೋಷ’ ಎಂಬ ನಮ್ಮದೇ ಸಂದೇಶ ಬರುತ್ತಿದೆ. ಆ 404 ಪುಟ ತೋರಿಸುವ ನಾಟ್‌ಫೌಂಡ್ ಕರೆ ಕೋಡಿನಲ್ಲಿ ಇದ್ದೇ ಇದೆ.

ಉತ್ತರ: ಆ ಕರೆ ಟ್ರೈ–ಕ್ಯಾಚ್ (ಎರರ್ ಬಂದರೆ ಹಿಡಿದುಕೊಳ್ಳುವ ಕೋಡ್) ಒಳಗಿದೆಯೇ ನೋಡಿ, ಬರೆಸಿದ ಕೋಡಿನಲ್ಲಿ ನಾನು ಅತಿ ಹೆಚ್ಚು ತಿದ್ದುವ ಜಾಗ ಇದು. ಪೇಜಸ್ ರೌಟರ್‌ನಲ್ಲಿ ‘ನಾಟ್‌ಫೌಂಡ್: ಟ್ರೂ’ ಎಂದು ಹಿಂದಿರುಗಿಸುತ್ತಿದ್ದೆವು, ಅದು ಟ್ರೈ ಒಳಗಿದ್ದರೂ ತೊಂದರೆಯಿರಲಿಲ್ಲ. ಆಪ್ ರೌಟರ್‌ನ ನಾಟ್‌ಫೌಂಡ್ ಮತ್ತು ರೀಡೈರೆಕ್ಟ್ ಎರಡೂ ಒಳಗೊಳಗೆ ಎರರ್ ಎಸೆದು ಕೆಲಸ ಮಾಡುತ್ತವೆ. ಆ ಎರರ್ ನೆಕ್ಸ್ಟ್‌ಗೆ ತಲುಪುವ ಮೊದಲೇ ನಿಮ್ಮ ಕ್ಯಾಚ್ ಅದನ್ನು ಹಿಡಿದುಕೊಂಡು ಸರ್ವರ್ ದೋಷವೆಂದು ಸಾರುತ್ತಿದೆ. ಫೆಚ್ ಅನ್ನು ಮಾತ್ರ ಟ್ರೈ ಒಳಗೆ ಇಟ್ಟು, ಲಾಟು ಇದೆಯೇ ಇಲ್ಲವೇ ಎಂಬ ಪರೀಕ್ಷೆಯನ್ನೂ ನಾಟ್‌ಫೌಂಡ್ ಕರೆಯನ್ನೂ ಅದರ ಕೆಳಗೆ, ಹೊರಗಡೆ ಬರೆಯಿರಿ.