ಕೊರ್ಡೋಬಾದ ಹಳೆಯ ನಗರವನ್ನು ಒಂದು ಹಗಲಿನಲ್ಲಿ ನಡೆದು ನೋಡಲು ಸಾಧ್ಯವೇ?

ಕೊಡಿಯಾಲ್‌ಬೈಲಿನವ:

ಎಲ್ಲರಿಗೂ ನಮಸ್ಕಾರ. ಜೂನ್ ಎರಡನೆಯ ವಾರದಲ್ಲಿ ತಂದೆ ತಾಯಿಯವರನ್ನು ಕರೆದುಕೊಂಡು ಮಂಗಳೂರಿನಿಂದ ಸ್ಪೇನ್ ದೇಶಕ್ಕೆ ಹೊರಟಿದ್ದೇನೆ. ಮ್ಯಾಡ್ರಿಡ್‌ನಲ್ಲಿ ಆರು ದಿನ ತಂಗುವುದೆಂದು ನಿಶ್ಚಯವಾಗಿದ್ದು, ಅದರಲ್ಲಿ ಒಂದು ದಿನವನ್ನು ಕೊರ್ಡೋಬಾ ನಗರಕ್ಕಾಗಿ ಎತ್ತಿಟ್ಟಿದ್ದೇನೆ. ವೇಗದ ರೈಲು ಎರಡು ಗಂಟೆಯೊಳಗೆ ತಲುಪಿಸುವುದರಿಂದ ಬೆಳಿಗ್ಗೆ ಹೋಗಿ ಸಂಜೆ ಮರಳುವ ಯೋಚನೆ. ನಕ್ಷೆಯಲ್ಲಿ ಅಳೆದು ನೋಡಿದರೆ ಮೆಸ್ಕಿತಾ ಎಂಬ ಹಳೆಯ ಮಸೀದಿ, ಅಲ್ಕಾಸರ್ ಕೋಟೆ, ರೋಮನ್ ಸೇತುವೆ, ಯಹೂದಿಗಳ ಹಳೆಯ ಕೇರಿ, ಕೊರ್ರೆದೇರಾ ಚೌಕ, ವಿಯಾನಾ ಅರಮನೆ ಇವೆಲ್ಲ ಸುಮಾರು ಒಂದೂವರೆ ಕಿಲೋಮೀಟರ್ ಅಂತರದೊಳಗೇ ಇವೆ.

ತಂದೆಯವರಿಗೆ 68 ವರ್ಷ. ದಿನವೂ ಕದ್ರಿ ಪಾರ್ಕಿನಲ್ಲಿ ನಡೆಯುತ್ತಾರಾದರೂ ಮೆಟ್ಟಿಲು ಇಳಿಯುವಾಗ ಮೊಣಕಾಲು ಹಿಡಿದುಕೊಳ್ಳುತ್ತದೆ. ತಾಯಿಯವರು ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಹತ್ತು ಗಂಟೆಗೆ ತಲುಪಿ ಮೊದಲು ವಿಯಾನಾ ಮತ್ತು ಕೊರ್ರೆದೇರಾ, ಊಟದ ನಂತರ ಎರಡು ಗಂಟೆಗೆ ಮೆಸ್ಕಿತಾ, ನಾಲ್ಕರಿಂದ ಆರರವರೆಗೆ ಅಲ್ಕಾಸರ್ ಮತ್ತು ಸೇತುವೆ ಎಂದು ಬರೆದಿಟ್ಟುಕೊಂಡಿದ್ದೇನೆ. ಈ ಕ್ರಮ ಸರಿಯೇ? ಅಲ್ಲಿಗೆ ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ರಥಬೀದಿ ಓದುಗ:

ನಿಮ್ಮ ನಕ್ಷೆ ಸರಿಯಾಗಿದೆ, ಗಡಿಯಾರ ಮಾತ್ರ ತಪ್ಪಿದೆ. ನಮ್ಮ ಉಡುಪಿ, ಮಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ಹನ್ನೆರಡೂವರೆಯ ಹೊತ್ತಿಗೆ. ಸ್ಪೇನ್ ತನ್ನ ರೇಖಾಂಶಕ್ಕೆ ಒಗ್ಗದಷ್ಟು ಮುಂದಿರುವ ಗಡಿಯಾರವನ್ನು ಇಟ್ಟುಕೊಂಡಿದ್ದು, ಬೇಸಿಗೆಯಲ್ಲಿ ಅದನ್ನು ಮತ್ತೊಂದು ಗಂಟೆ ಮುಂದೂಡುವುದರಿಂದ, ಕೊರ್ಡೋಬಾದಲ್ಲಿ ನಡುಮಧ್ಯಾಹ್ನ ಆಗುವುದೇ ಎರಡೂಕಾಲರ ಸುಮಾರಿಗೆ. ಹಾಗಾಗಿ ನಾವು ಇಲ್ಲಿ ಬಿಸಿಲು ಇಳಿಯಿತೆಂದು ಹೊರಗೆ ಹೊರಡುವ ನಾಲ್ಕರಿಂದ ಆರರವರೆಗಿನ ಹೊತ್ತು ಅಲ್ಲಿ ದಿನದಲ್ಲೇ ಅತ್ಯಂತ ಸುಡುವ ಹೊತ್ತು. ಜೂನ್‌ನಲ್ಲಿ 35 ಡಿಗ್ರಿ ದಾಟುವುದು ಸಾಮಾನ್ಯ, ಜುಲೈ ಮತ್ತು ಆಗಸ್ಟ್‌ನಲ್ಲಿ 40 ದಾಟುತ್ತದೆ. ರೋಮನ್ ಸೇತುವೆ ಸುಮಾರು ಕಾಲು ಕಿಲೋಮೀಟರ್ ಉದ್ದವಿದ್ದು ಅದರ ಮೇಲೆ ಒಂದು ಮರದ ನೆರಳೂ ಇಲ್ಲ. ನಿಮ್ಮ ತಂದೆಯವರನ್ನು ಐದು ಗಂಟೆಗೆ ಅದರ ಮೇಲೆ ನಡೆಸಬೇಡಿ.

ಅಲ್ಲಿಯ ಸೆಕೆ ನಮ್ಮ ಸೆಕೆಯಂತಲ್ಲ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿದಾಗ ನೀರು ಕುಡಿಯಬೇಕೆಂದು ತಾನಾಗಿಯೇ ನೆನಪಾಗುತ್ತದೆ. ಅಲ್ಲಿಯ ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ವಯಸ್ಸಾದವರಿಗೆ ದಣಿವು ತಿಳಿಯುವುದು ತಲೆ ಸುತ್ತಿದ ಮೇಲೆಯೇ.

ಆದ್ದರಿಂದ ಮೆಸ್ಕಿತಾವನ್ನು ಬೆಳಿಗ್ಗೆ ಮೊದಲು ನೋಡಿ. ಹಿಂದೆ ಮಸೀದಿಯಾಗಿದ್ದು ಈಗ ಕ್ಯಾಥೆಡ್ರಲ್ ಆಗಿರುವ ಈ ಕಟ್ಟಡವನ್ನು 785ರ ಸುಮಾರಿಗೆ ಅಲ್ಲಿಯ ಮುಸ್ಲಿಂ ಅರಸ ಮೊದಲನೆಯ ಅಬ್ದುಲ್ ರಹಮಾನ್ ಆರಂಭಿಸಿದ. ಮುಂದಿನ ಇನ್ನೂರು ವರ್ಷಗಳಲ್ಲಿ ಅದು ಮೂರು ಬಾರಿ ದೊಡ್ಡದಾಗಿ ಬೆಳೆಯಿತು. ಇಂದು ಒಳಗೆ 850ಕ್ಕೂ ಹೆಚ್ಚು ಕಂಬಗಳಿವೆ. ಕಂಬಗಳ ಮೇಲೆ ಎರಡು ಅಂತಸ್ತಿನ ಕಮಾನುಗಳು ಏಕೆ ಎಂದು ತಂದೆಯವರು ಕೇಳಿಯೇ ಕೇಳುತ್ತಾರೆ. ಮೊದಲ ಹಂತದ ಕಂಬಗಳನ್ನು ರೋಮನ್ನರ ಮತ್ತು ಅವರ ನಂತರ ಅಲ್ಲಿ ಆಳಿದ ವಿಸಿಗಾಥರ ಹಳೆಯ ಕಟ್ಟಡಗಳಿಂದ ತಂದು ನಿಲ್ಲಿಸಿದ್ದರು. ಅಷ್ಟು ವಿಶಾಲವಾದ ಸಭಾಂಗಣಕ್ಕೆ ಅವು ತೀರ ಗಿಡ್ಡವಾಗಿದ್ದವು. ಆಗ ಪ್ರತಿ ಕಂಬದ ತಲೆಯ ಮೇಲೆ ಇನ್ನೊಂದು ಗಟ್ಟಿ ಸ್ತಂಭವನ್ನು ಎಬ್ಬಿಸಿ, ಕೆಳಗಿನ ಕಮಾನು ಕಂಬಗಳನ್ನು ಪರಸ್ಪರ ಬಿಗಿದು ಹಿಡಿಯುವಂತೆಯೂ ಮೇಲಿನ ಕಮಾನು ಮಾಡಿನ ಭಾರವನ್ನು ಹೊರುವಂತೆಯೂ ಕಟ್ಟಿದರು. ಕೆಂಪು ಪಟ್ಟೆ ಇಟ್ಟಿಗೆಯದು, ಬಿಳಿ ಪಟ್ಟೆ ಕಲ್ಲಿನದು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎನ್ನುತ್ತೇವಲ್ಲ, ಅದು ಶಿಲ್ಪಿ ಬೇಕೆಂದೇ ಮಾಡಿದ ಭೇದ. ಇಲ್ಲಿ ಒಂದೊಂದು ಕಂಬವೂ ಒಂದೊಂದು ಕಡೆಯಿಂದ ಬಂದದ್ದರಿಂದ ಆದ ಭೇದ. ಹತ್ತಿರ ಹೋಗಿ ಕಂಬಗಳ ಬಣ್ಣ ಮತ್ತು ತಲೆಗಟ್ಟುಗಳನ್ನು ನೋಡುತ್ತಾ ನಡೆದರೆ ಒಂದು ಗಂಟೆ ಕಳೆದದ್ದೇ ತಿಳಿಯುವುದಿಲ್ಲ.

ನಗರವು 1236ರಲ್ಲಿ ಕ್ರೈಸ್ತ ದೊರೆ ಮೂರನೆಯ ಫರ್ನಾಂಡೋನ ವಶವಾದಾಗ ಮಸೀದಿ ಇಗರ್ಜಿಯಾಯಿತು. 1523ರಲ್ಲಿ ನಗರಸಭೆಯ ತೀವ್ರ ವಿರೋಧದ ನಡುವೆಯೂ ಕಂಬಗಳ ಸಾಲುಗಳ ಮಧ್ಯದಲ್ಲಿ ಎತ್ತರದ ಕ್ಯಾಥೆಡ್ರಲ್ ಕಟ್ಟಲು ತೊಡಗಿದರು. ಅನೇಕರು ಆ ಭಾಗವನ್ನು ಮುಖ ತಿರುಗಿಸಿಕೊಂಡೇ ದಾಟುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಗಾಯಕವೃಂದದ ಆಸನಗಳಲ್ಲಿರುವ 18ನೆಯ ಶತಮಾನದ ಮಹಾಗನಿ ಕೆತ್ತನೆಯೊಂದಕ್ಕಾಗಿಯೇ ಅಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಬಹುದು. ತಂದೆಯವರ ಕಾಲಿಗೂ ವಿಶ್ರಾಂತಿ.

ಮಣಿಪಾಲದ ಪಯಣಿಗ:

ರಥಬೀದಿಯವರು ಬಿಸಿಲಿನ ವಿಚಾರವನ್ನು ಚೆನ್ನಾಗಿ ಹೇಳಿದ್ದಾರೆ. ಆದರೆ ಅವರ ಮಾತನ್ನು ಪೂರ್ಣವಾಗಿ ಒಪ್ಪಿದರೆ ಒಂದೇ ಹಗಲಿನ ಪ್ರವಾಸದ ಯೋಚನೆಯನ್ನೇ ಕೈಬಿಡಬೇಕಾಗುತ್ತದೆ, ಮತ್ತು ನನ್ನ ಸಲಹೆಯೂ ಅದೇ. ಒಂದು ರಾತ್ರಿ ಅಲ್ಲಿಯೇ ತಂಗಿರಿ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಎಂಟೂವರೆಗೆ ಕೋಣೆಯಿಂದ ಹೊರಟು ಸೇತುವೆಯ ಆಚೆ ತುದಿಯ ಕಾಲಾಓರ್ರಾ ಬುರುಜಿನವರೆಗೆ ನಡೆದು, ಗ್ವಾದಲ್‌ಕಿವೀರ್ ನದಿಯ ಮೇಲಿಂದ ಹಿಂತಿರುಗಿ ನೋಡಿದರೆ ಮೆಸ್ಕಿತಾದ ಗೋಡೆಗಳೂ ಗಂಟೆಗೋಪುರವೂ ಹೊಂಬಣ್ಣಕ್ಕೆ ತಿರುಗಿರುತ್ತವೆ. ಆ ಸೇತುವೆಗೆ 2004ರಿಂದ ವಾಹನಗಳ ಪ್ರವೇಶವಿಲ್ಲ. ನಡುವೆ 1651ರ ಸಂತ ರಾಫೆಲನ ಪ್ರತಿಮೆಯಿದೆ, ಅದರ ಮುಂದೆ ಇಂದಿಗೂ ದೀಪ ಹಚ್ಚುತ್ತಾರೆ. ರಾತ್ರಿ ತಂಗುವುದರಿಂದ ಮತ್ತೊಂದು ಅನುಕೂಲವಿದೆ. ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಮೆಸ್ಕಿತಾಕ್ಕೆ ಟಿಕೆಟ್ ಇಲ್ಲದೆ ಬಿಡುವ ಕ್ರಮವಿದೆ, ಗುಂಪುಗಳ ಗದ್ದಲವೂ ಆಗ ಇರುವುದಿಲ್ಲ. ಹೊರಡುವ ಮುನ್ನ ಅವರ ಜಾಲತಾಣದಲ್ಲಿ ವೇಳೆಯನ್ನು ಮತ್ತೊಮ್ಮೆ ನೋಡಿಕೊಳ್ಳಿ.

ಇನ್ನು ಮೊಣಕಾಲಿನ ವಿಷಯ. ಹಳೆಯ ನಗರ ಬಹುಮಟ್ಟಿಗೆ ಸಮತಟ್ಟು, ಮೆಟ್ಟಿಲುಗಳು ಕಡಿಮೆ. ತೊಂದರೆ ಕೊಡುವುದು ನೆಲ. ಅನೇಕ ಗಲ್ಲಿಗಳಲ್ಲಿ ನದಿಯ ಉರುಟು ಕಲ್ಲುಗಳನ್ನು ನಿಲ್ಲಿಸಿ ಹುಗಿದಿದ್ದು, ತೆಳು ಅಟ್ಟೆಯ ಚಪ್ಪಲಿ ಹಾಕಿದವರಿಗೆ ಪ್ರತಿ ಹೆಜ್ಜೆಯೂ ಅಂಗಾಲಿಗೆ ಚುಚ್ಚುತ್ತದೆ. ದಪ್ಪ ಅಟ್ಟೆಯ ಶೂ ಇರಲಿ, ಅದೂ ಹೊಸದಲ್ಲ, ಇಲ್ಲಿಯೇ ಒಂದು ತಿಂಗಳು ಹಾಕಿ ಪಳಗಿಸಿದ್ದು. ರೈಲು ನಿಲ್ದಾಣದಿಂದ ಮೆಸ್ಕಿತಾಕ್ಕೆ ಇಪ್ಪತ್ತೈದು ನಿಮಿಷಗಳ ನಡಿಗೆಯಾದರೂ ಟ್ಯಾಕ್ಸಿ ಹಿಡಿಯಿರಿ. ಆ ಕಾಲುಬಲವನ್ನು ಗಲ್ಲಿಗಳಿಗಾಗಿ ಉಳಿಸಿಕೊಳ್ಳಿ.

ಯಹೂದಿ ಕೇರಿಯನ್ನು ಅಲ್ಮೊದೋವರ್ ಬಾಗಿಲಿನ ಕಡೆಯಿಂದ ಪ್ರವೇಶಿಸಿ ನೇರವಾಗಿ ನಡೆದರೆ 1315ರಲ್ಲಿ ಕಟ್ಟಿದ ಪುಟ್ಟ ಯಹೂದಿ ಪ್ರಾರ್ಥನಾಮಂದಿರ ಸಿಗುತ್ತದೆ. ಮಧ್ಯಯುಗದ ಇಂಥ ಮಂದಿರಗಳಲ್ಲಿ ಸ್ಪೇನ್‌ನಲ್ಲಿ ಉಳಿದವು ಬೆರಳೆಣಿಕೆಯಷ್ಟು. ಹೆಸರಾದ ಇನ್ನೆರಡು ತೊಲೇದೋ ನಗರದಲ್ಲಿವೆ. ಅಲ್ಲಿಂದ ಸ್ವಲ್ಪ ಮುಂದೆ ಇದೇ ಊರಿನಲ್ಲಿ ಹುಟ್ಟಿದ ತತ್ತ್ವಜ್ಞಾನಿ ಮೈಮೊನಿದೆಸ್‌ನ ಪ್ರತಿಮೆ. ಬಂದವರೆಲ್ಲ ಪಾದ ಮುಟ್ಟಿ ಮುಟ್ಟಿ ಅದು ಮಾತ್ರ ಫಳಫಳ ಹೊಳೆಯುತ್ತದೆ. ದಾರಿಯಲ್ಲಿ ಬಾಗಿಲು ತೆರೆದಿರುವ ಮನೆಗಳ ಒಳಂಗಳಗಳನ್ನು ಗಮನಿಸಿ. ನಮ್ಮ ಗುತ್ತಿನ ಮನೆಗಳ ನಡು ಅಂಗಳ ಮಳೆಯ ನೀರನ್ನೂ ಬೆಳಕನ್ನೂ ಒಳಗೆ ಬಿಟ್ಟುಕೊಳ್ಳಲು ಇರುವಂಥದ್ದು. ಅವರದು ಬಿಸಿಲನ್ನು ಹೊರಗಿಟ್ಟು, ನೀರು ಮತ್ತು ಹೂಕುಂಡಗಳಿಂದ ಮನೆಯನ್ನು ತಂಪಾಗಿಡಲು. ಮೇ ತಿಂಗಳ ಮೊದಲಾರ್ಧದಲ್ಲಿ ನಡೆಯುವ ಒಳಂಗಳಗಳ ಉತ್ಸವವನ್ನು 2012ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿದೆ. ನೀವು ಹೋಗುವಾಗ ಅದು ಮುಗಿದಿರುತ್ತದೆ. ಅದಕ್ಕಾಗಿಯೇ ಹನ್ನೆರಡು ಒಳಂಗಳಗಳಿರುವ ವಿಯಾನಾವನ್ನು ಬಿಡಬೇಡಿ; ಏನನ್ನಾದರೂ ಬಿಡಲೇಬೇಕಾದರೆ ಅಲ್ಕಾಸರ್ ಬಿಡಿ. ಅದರ ತೋಟ ಚಂದವಿದ್ದರೂ ಹೆಚ್ಚಿನ ಭಾಗ ಬಿಸಿಲಿಗೆ ತೆರೆದಿದೆ.

ಬಿಜೈಯಿಂದ ಒಬ್ಬರು:

ತಾಯಿಯವರ ಊಟದ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಅಲ್ಲಿಯ ಹೆಸರಾಂತ ತಿನಿಸು ಸಾಲ್ಮೊರೇಹೋ. ಟೊಮೆಟೊ, ಬ್ರೆಡ್, ಆಲಿವ್ ಎಣ್ಣೆ, ಬೆಳ್ಳುಳ್ಳಿ ಅರೆದು ಮಾಡಿದ ತಣ್ಣನೆಯ ದಪ್ಪ ಸಾರು. ಸಸ್ಯಾಹಾರವೆಂದು ನಂಬಿ ತರಿಸಿದರೆ ಮೇಲೆ ಹಂದಿಮಾಂಸದ ಚೂರುಗಳನ್ನೂ ಬೇಯಿಸಿದ ಮೊಟ್ಟೆಯನ್ನೂ ಉದುರಿಸಿ ತಂದಿಡುತ್ತಾರೆ. 'ಸಿನ್ ಹಮೋನ್, ಸಿನ್ ವೇವೋ' ಎಂದು ಮೊದಲೇ ಹೇಳಬೇಕು, ಹಂದಿಮಾಂಸವೂ ಮೊಟ್ಟೆಯೂ ಬೇಡ ಎಂದರ್ಥ. ತೋರ್ತಿಯಾ ಎಂದು ಕರೆಯುವ ಬಟಾಟೆಯ ದಪ್ಪ ರೊಟ್ಟಿಯಂಥದ್ದರಲ್ಲಿ ಮೊಟ್ಟೆಯೇ ಮುಖ್ಯ, ಅದು ಬೇಡ. ನಿಮ್ಮ ತಾಯಿಯವರಿಗೆ ನಿಜವಾಗಿ ರುಚಿಸುವುದು ಕರಿದ ಬದನೆ. ತೆಳ್ಳಗೆ ಹೆಚ್ಚಿ, ಹಿಟ್ಟು ಸವರಿ ಎಣ್ಣೆಯಲ್ಲಿ ಬಿಟ್ಟು, ಮೇಲೆ ಕಬ್ಬಿನ ಪಾಕವನ್ನೋ ಜೇನನ್ನೋ ಸುರಿಯುತ್ತಾರೆ. ಮಟ್ಟುಗುಳ್ಳದ ಪೋಡಿಯ ಮೇಲೆ ಜೋನಿಬೆಲ್ಲ ಹಾಕಿದಂತೆ ಎಂದುಕೊಳ್ಳಿ. ಹಿಟ್ಟಿಗೆ ಮೊಟ್ಟೆ ಬೆರೆಸಿದ್ದಾರೆಯೇ ಎಂದು ಕೇಳಿಯೇ ತರಿಸಿ. ರಾತ್ರಿಯ ಊಟ ಎಂಟೂವರೆಗೆ ಮೊದಲು ಸಿಗುವುದು ಕಷ್ಟ. ನಮ್ಮ ಹಿರಿಯರು ಏಳೂವರೆಗೇ ಉಣ್ಣುವವರು, ಚೀಲದಲ್ಲಿ ಅವಲಕ್ಕಿ ಚೂಡಾ ಇರಲಿ.

ಕೊಡಿಯಾಲ್‌ಬೈಲಿನವ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮ್ಯಾಡ್ರಿಡ್‌ನ ಒಂದು ರಾತ್ರಿಯನ್ನು ರದ್ದುಪಡಿಸಿ ಕೊರ್ಡೋಬಾದಲ್ಲಿ ಕೋಣೆ ಕಾದಿರಿಸಿದ್ದೇನೆ. ಮೊದಲ ದಿನ ಮಧ್ಯಾಹ್ನದ ಮೊದಲು ವಿಯಾನಾ ಮತ್ತು ಕೊರ್ರೆದೇರಾ, ಬಳಿಕ ಏಳು ಗಂಟೆಯವರೆಗೆ ಕೋಣೆಯಲ್ಲೇ ವಿಶ್ರಾಂತಿ, ಕತ್ತಲಾಗುವ ಹೊತ್ತಿಗೆ ಸೇತುವೆ. ಮರುದಿನ ಎಂಟೂವರೆಗೆ ಮೆಸ್ಕಿತಾ, ಅಲ್ಲಿಂದ ನೆರಳಿನ ಗಲ್ಲಿಗಳಲ್ಲೇ ಯಹೂದಿ ಕೇರಿ, ಹನ್ನೆರಡರ ನಂತರದ ರೈಲು. ಮೊದಲ ದಿನ ಭಾನುವಾರ, ಎರಡನೆಯ ದಿನ ಸೋಮವಾರ ಆಗುತ್ತದೆ. ಇದರಿಂದ ಅಡ್ಡಿಯುಂಟೇ?

ಮಣಿಪಾಲದ ಪಯಣಿಗ:

ಉಂಟು. ಸೋಮವಾರ ಮೆಸ್ಕಿತಾ ತೆರೆದಿರುತ್ತದೆ, ಆದರೆ ಯಹೂದಿ ಪ್ರಾರ್ಥನಾಮಂದಿರಕ್ಕೆ ವಾರದ ರಜೆ. ವಿಯಾನಾಕ್ಕೂ ಸೋಮವಾರವೇ ರಜೆ. ಸಾಧ್ಯವಿದ್ದರೆ ಎರಡೂ ದಿನಗಳನ್ನು ಮಂಗಳವಾರ, ಬುಧವಾರಕ್ಕೆ ಸರಿಸಿ.